ಇದ್ದಿನಬ್ಬನ ಅರ್ಜಿ, ನನ್ನ ಅಕ್ಷರ

೧೯ ನವೆಂಬರ್ ೧೯೫೭, ಮಂಗಳವಾರ. ಪಾಣೆಮಂಗಳೂರು.

ಆ ಅರ್ಜಿಯಲ್ಲಿ ‘ಪಾಕಿಸ್ತಾನಿ’ ಎಂದು ಬರೆದ ಕೈ ನನ್ನದು. ಬೆಳಗಿನಿಂದ ಅದೊಂದೇ ಕೊರೆಯುತ್ತಿದೆ.

ನೆರೆಮನೆಯ ಇದ್ದಿನಬ್ಬ ಹದಿನೈದರ ಪ್ರಾಯದಲ್ಲಿ ಕರಾಚಿಯ ಹೋಟೆಲಿಗೆ ಲೋಟ ತೊಳೆಯಲು ಹೋದವನು. ಆಗ ಅದೂ ಇದೇ ದೇಶ. ತಾಯಿಯನ್ನು ನೋಡಲು ಮರಳಿದಾಗ ಅಲ್ಲಿಯ ಪಾಸ್‌ಪೋರ್ಟು ಕೈಯಲ್ಲಿತ್ತು. “ಹಡಗಿನ ಟಿಕೇಟು ಅಂತ ಎಣಿಸಿದೆ ಮಾರಾಯ,” ಎನ್ನುತ್ತಾನೆ. ಅವಧಿ ಮುಗಿದಾಗ, ಇನ್ನಷ್ಟು ದಿನ ಇರಲು ಅರ್ಜಿ ಬರೆಸಲು ನನ್ನಲ್ಲಿಗೆ ಬಂದ. ಊರಿನ ಅರ್ಜಿಗಳೆಲ್ಲ ನನ್ನಲ್ಲಿಗೇ ಬರುವುದು. ಪಾಸ್‌ಪೋರ್ಟಿನಲ್ಲಿದ್ದುದನ್ನು ದುಂಡಗೆ ನಕಲು ಮಾಡಿಕೊಟ್ಟೆ. ಇಂದು ಪೊಲೀಸಿನವರು ಅದನ್ನೇ ತೋರಿಸಿ, ನಾಳಿದ್ದು ದೇಶ ಬಿಡಬೇಕು ಎಂದರಂತೆ.

ಗಡಿ ಕಾಯಬೇಕೆಂದು ಕರಪತ್ರ ಓದಿ ವಾಚನಾಲಯದಲ್ಲಿ ಭಾಷಣ ಮಾಡಿದವನು ನಾನು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಗಡಿ ಇರುವುದು ಇದ್ದಿನಬ್ಬನ ಹೊಸ್ತಿಲಲ್ಲಿ ಅಲ್ಲ.

ಇದ್ದಿನಬ್ಬ ಹುಟ್ಟಿದ್ದು ಇದೇ ಊರಲ್ಲಿ ಎಂಬುದಕ್ಕೆ ಸಾಕ್ಷಿ ಕೇಳಲು ಸಂಜೆ ಸೂಲಗಿತ್ತಿ ಮುತ್ತಕ್ಕನಲ್ಲಿಗೆ ಓಡಿದೆ. “ಅವನನ್ನು ಹಿಡಿದದ್ದು ಈ ಕೈ. ನಿನ್ನನ್ನೂ ಇದೇ. ನೀನು ಹುಟ್ಟುವಾಗ ಅಳಲೇ ಇಲ್ಲ, ಅದನ್ನೂ ಸೇರಿಸಿ ಈಗ ಬೊಬ್ಬೆ ಹಾಕ್ತೀ,” ಎಂದು ನಕ್ಕಳು. “ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ಹೇಳು.”

ಅವಳ ಹೇಳಿಕೆಯ ಕೆಳಗೆ, ಮೊದಲಿನ ಅರ್ಜಿ ಬರೆದು ತಪ್ಪು ಮಾಡಿದವನು ನಾನೇ ಎಂದು ಬರೆದು ಸಹಿ ಹಾಕಿದ್ದೇನೆ. “ನಿನ್ನನ್ನೂ ಒಳಗೆ ಹಾಕ್ತಾರೆ,” ಎಂದರು ಅಪ್ಪ. ಹಾಕಲಿ. ನಾಳೆ ಮೊದಲ ಬಸ್ಸಿಗೇ ಮಂಗಳೂರಿಗೆ ಹೋಗುತ್ತೇನೆ. ಕಲೆಕ್ಟರು ಕೇಳದಿದ್ದರೆ ನಾಳಿದ್ದು ಆ ಹೊಸ್ತಿಲಲ್ಲಿ ಕೂರುತ್ತೇನೆ. ಅವನನ್ನು ಕರೆದೊಯ್ಯುವವರು ನನ್ನನ್ನು ದಾಟಿಕೊಂಡೇ ಹೋಗಬೇಕು.