ರಿಮೋಟ್ ಬಗ್ಗಿ ಯಾರಿಗೆ

೧೪ ಜೂನ್, ಶನಿವಾರ

'ನನಗೇ ಬೇಕು' ಎಂದಿದ್ದರೆ ಏನಾಗುತ್ತಿತ್ತು?

ಚಾಮರಾಜನಗರದ ಹೊಸಬರ ರೇಸಿಗೆ ರಿಮೋಟ್ ಬಗ್ಗಿ, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರು, ಕೊಳ್ಳಲು ಹೆಂಡತಿ ಪವಿತ್ರಳ ಜೊತೆ ಮೈಸೂರಿಗೆ ಹೋಗಿದ್ದೆ. ಮೋಟಾರು ಹಿಂದಿನ ಎರಡೇ ಚಕ್ರ ತಿರುಗಿಸುವಂಥದ್ದು ಅಗ್ಗ, ಕಲಿಯುವವರಿಗೂ ಅದೇ ಸರಿ ಎಂದು ಆರಿಸಿದೆ. ತರಕಾರಿ ಮಂಡಿಯಲ್ಲಿ ಈರುಳ್ಳಿ ಒತ್ತಿ ನೋಡುವ ಹಾಗೆ ಅದರ ಟೈರು ಒತ್ತುತ್ತಿದ್ದೆ. ಅಂಗಡಿಯವನು "ಯಾರಿಗೆ ಸಾರ್?" ಎಂದ. ನಲವತ್ತೆರಡರ ನಾನು ನಾಚಿಕೊಂಡು, "ಮಗನಿಗೆ. ಎಂಟು ವರ್ಷ" ಎಂದುಬಿಟ್ಟೆ.

ಮದುವೆಯಾಗಿ ಹದಿನಾಲ್ಕು ವರ್ಷ, ನಮಗೆ ಮಕ್ಕಳಿಲ್ಲ. ಹೆಂಡತಿ ಪಕ್ಕದಲ್ಲೇ ನಿಂತಿರುವಾಗ ಆ ಮಾತು ಬಾಯಿಗೆ ಹೇಗೆ ಬಂತೋ!

ಊರಿಗೆ ಮರಳುವ ಬಸ್ಸಿನಲ್ಲಿ ಬಗ್ಗಿಯ ಡಬ್ಬವನ್ನು ನನ್ನ ಕೈಗೆ ಕೊಡದೆ ತೊಡೆಯ ಮೇಲಿಟ್ಟುಕೊಂಡೇ ಕೂತಳು. ಗುಂಡ್ಲುಪೇಟೆಯಲ್ಲಿ ಇಳಿಯುವಾಗ ಮೆಲ್ಲಗೆ ಕೇಳಿದಳು:

"ಎಂಟು ವರ್ಸ ಅಂದ್ರಲ್ಲ, ಅವುನ್ಗೆ ಏನಂತ ಎಸ್ರು ಮಡಗಿದ್ರಿ?"