ಮೊಳೆಗೆ ತೂಗಿದ ಎರಡು ಬಿಲ್ಲೆ

ಮಾರ್ಚ್ ೭, ಶನಿವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮಂಡಿನೋವು ಹೇಗಿದೆ, ಭಾವ ಸರಿಯಾಗಿ ಊಟ ಮಾಡುತ್ತಿದ್ದಾರಾ ಎಂದು ಎರಡು ಸಾಲು ಗೀಚಿ, ನೀನು ಕಳಿಸಿದ ದೂರಿಗೆ ಸಾಕ್ಷಿಯಾಗಿ ಸಹಿ ಹಾಕಿ, ಲಕೋಟೆ ಅಂಟಿಸಿಬಿಡುವುದರಲ್ಲಿದ್ದೆ. ಹೇಳಬೇಕಾದದ್ದನ್ನು ಹೇಳದೆಯೇ. ಅದನ್ನೇ ಮೊದಲು ಬರೆಯುತ್ತೇನೆ, ಇಲ್ಲವಾದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಧೈರ್ಯ ಸೋರಿಹೋಗುತ್ತದೆ. ಆ ಭಾನುವಾರ ಕಾಡಿನ ಗೇಟಿನಲ್ಲಿ ಭಾವನ ಬಿಲ್ಲೆಯನ್ನು ಮೊಳೆಗೆ ತೂಗುಹಾಕಿದವಳು ನಾನು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ನಲವತ್ತು ವರ್ಷದಿಂದ ಹೀಗೇ ನಡೆದಿದೆ.

ನೀನು ಆ ಕಾಡಿಗೆ ಬಂದವಳಲ್ಲ, ಅಲ್ಲಿನ ಪದ್ಧತಿ ಹೇಳುತ್ತೇನೆ. ಒಳಗೆ ಹೋಗುವಾಗ ಗೇಟಿನವರು ಒಬ್ಬೊಬ್ಬರಿಗೂ ನಂಬರಿನ ತಗಡಿನ ಬಿಲ್ಲೆ ಕೊಡುತ್ತಾರೆ. ಹೊರಗೆ ಬಂದವರು ಅದನ್ನು ಅದರದ್ದೇ ಮೊಳೆಗೆ ತೂಗುಹಾಕಬೇಕು. ಎಲ್ಲ ಮೊಳೆ ತುಂಬಿದ ಮೇಲೆಯೇ ಅವರು ಬೀಗ ಹಾಕಿ ಮನೆಗೆ ಹೋಗುವುದು. ಜೊತೆಯಾಗಿ ಹೋದವರು ಜೊತೆಯಾಗಿಯೇ ಬರಬೇಕು. ಜನವರಿಯಲ್ಲಿ ಭಾವ ನನ್ನನ್ನು ಹಿಂದೆ ಬಿಟ್ಟು ಅರ್ಧ ಗಂಟೆ ಮೊದಲೇ ಬಂದಿದ್ದಕ್ಕೆ ಗೇಟಿನವರು ಎಲ್ಲರೆದುರಿಗೆ, "ಇನ್ನೊಂದ್ಸಲ ಹೀಗೆ ಬೇರೆ ಬೇರೆ ಬಂದ್ರೆ ಚಳಿಗಾಲ ಮುಗಿಯೋವರೆಗೂ ಒಳಗೆ ಬಿಡಲ್ಲ ಸಾರ್" ಅಂದಿದ್ದರು. ಮಕ್ಕಳನ್ನು ಗದರಿಸಿಯೇ ಅಭ್ಯಾಸವಾದ ನಿನ್ನ ಡ್ರಿಲ್ ಮೇಷ್ಟ್ರ ಮುಖ ಅವತ್ತು ನೋಡಬೇಕಿತ್ತು.

ಆ ಭಾನುವಾರ ಬೆಳಿಗ್ಗೆ ದಾರಿಯ ಕೆಸರು ಗಟ್ಟಿಯಾಗಿ ಬೂಟಿನಡಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮರಗಳಲ್ಲಿ ಎಲೆಯಿಲ್ಲದೆ ಕಾಡು ಬಹಳ ದೂರದವರೆಗೆ ಕಾಣುತ್ತಿತ್ತು. ಮಧ್ಯಾಹ್ನ ಬಿಸಿಲು ಬಿದ್ದಲ್ಲೆಲ್ಲ ಮಂಜುಗಡ್ಡೆ ಕರಗಿತು, ನೆರಳಿನಲ್ಲಿ ಮಾತ್ರ ಗಾಜಿನಂತೆ ಉಳಿಯಿತು. ನಾನು ಹೆಜ್ಜೆ ಎಣಿಸಿ ಇಡುತ್ತಿದ್ದೆ. ಭಾವ ಕೊರಳಿನ ಸೀಟಿ ಊದಿದರು. "ಹೀಗೆ ನಡೆದ್ರೆ ಬೇಸಿಗೇಲಿ ಮನೆ ಸೇರ್ತೀವಿ ಕಣಮ್ಮ." ನಾನೇನು ನಿಮ್ಮ ಆರನೇ ಕ್ಲಾಸಾ ಎಂದು ಕೇಳಿದೆ. "ಆರನೇ ಕ್ಲಾಸು ಇಷ್ಟು ವಾದ ಮಾಡಲ್ಲ" ಅಂದರು. ನಗುನಗುತ್ತಲೇ ಶುರುವಾಗಿದ್ದು ಕವಲು ಬರುವಷ್ಟರಲ್ಲಿ ಜಗಳವಾಗಿತ್ತು. ಅವರು ಹಳ್ಳದ ಪಕ್ಕದ ಹತ್ತಿರದ ದಾರಿ ಹಿಡಿದರು, ಅದು ಪೂರ್ತಿ ನೆರಳು, ಗೇಟಿಗೆ ಬಾರದೆ ನೇರ ಕಾರಿನ ಹತ್ತಿರ ಇಳಿಯುತ್ತದೆ. ಕಾರಿನ ಹತ್ತಿರ ಸಿಗುತ್ತೇನೆ ಅಂದರು. ನಾನು ಗುಡ್ಡ ಬಳಸಿ ಬಂದೆ. ಏನು ಕೊಟ್ಟರೂ ಕಳೆದುಕೊಂಡು ಬರುವವರೆಂದು ಅವರ ಬಿಲ್ಲೆಯೂ ನನ್ನ ಚೀಲದಲ್ಲೇ ಇತ್ತು.

ಮೂರು ಗಂಟೆಗೆ ಗೇಟು ತಲುಪಿದೆ. ಖಾಲಿ ಇದ್ದದ್ದು ಎರಡೇ ಮೊಳೆ, ನಮ್ಮವು. ಭಾವ ಆಗಲೇ ಬಂದಿರುತ್ತಾರೆ ಅಂದುಕೊಂಡೆ. ಎರಡನ್ನೂ ತೂಗುಹಾಕಿದೆ. ಗೇಟಿನವರು, "ಇಬ್ರೂ ಬಂದ್ರಾ ಮೇಡಂ?" ಎಂದು ಕೇಳಿದರು. ಹೌದು ಅಕ್ಕ, ಕೇಳಿದರು. "ಬಂದ್ವಿ, ಅವರು ಕಾರ್ ಹತ್ರ ಇದಾರೆ" ಅಂದೆ. ಅವರು ಬೀಗ ಹಾಕಿ ಸೈಕಲ್ ಹತ್ತಿದರು.

ಕಾರಿನ ಹತ್ತಿರ ಯಾರೂ ಇರಲಿಲ್ಲ. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಒಂದು ಗಂಟೆ ನಿಂತೆ. ಔಷಧಿ ಅಂಗಡಿಯಲ್ಲಿ ಚೀಟಿಯನ್ನು ಎರಡು ಸಲ ಓದದೆ ಒಂದು ಮಾತ್ರೆ ಕೊಡದವಳು ನಾನು. ಆಮೇಲೆ ಫೋನ್ ಸಿಗ್ನಲ್ ಸಿಗುವ ತಿರುವಿನವರೆಗೆ ಓಡಿ, ಗೇಟಿನ ಬೋರ್ಡಿನಲ್ಲಿದ್ದ ನಂಬರಿಗೆ ಕರೆ ಮಾಡಿದೆ. ಗೇಟಿನವರು ತಟ್ಟೆ ಬಿಟ್ಟು ಎದ್ದು ಬಂದಿದ್ದರು, ಕೈಯನ್ನೂ ಸರಿಯಾಗಿ ತೊಳೆದಿರಲಿಲ್ಲ. ತೂಗುತ್ತಿದ್ದ ಬಿಲ್ಲೆ ನೋಡಿದರು, ನನ್ನನ್ನು ನೋಡಿದರು, ಬೀಗ ತೆಗೆದು ಹಳ್ಳದ ಕಡೆ ಓಡಿದರು. ಸೀಟಿಯ ಸದ್ದು ಹಿಡಿದು ಹೋಗಿ ಭಾವನನ್ನು ಪತ್ತೆ ಮಾಡಿದವರೂ ಅವರೇ. ಅಷ್ಟರಲ್ಲಿ ಭಾವ ಜಾರಿ ಹಳ್ಳಕ್ಕೆ ಬಿದ್ದು ಮೂರು ತಾಸು ಕಳೆದಿತ್ತು. ಕಾಲು ಮುರಿದಿತ್ತು, ಒದ್ದೆ ಬೂಟಿನೊಳಗೆ ಎರಡು ಬೆರಳು ಚಳಿಗೆ ಸತ್ತಿದ್ದವು.

ಆಸ್ಪತ್ರೆಯ ವರಾಂಡದಲ್ಲಿ ನೀನು, "ಬಿಲ್ಲೆ ಎಣಿಸಿದ್ದು ಯಾರು?" ಅಂದೆ. ಗೇಟಿನವರು ಎಂದೆ ನಾನು. ಸುಳ್ಳಲ್ಲ ನೋಡು, ಎಣಿಸಿದ್ದು ಅವರೇ. ಅಲ್ಲಿಂದ ನಿನ್ನ ದೂರು, ಅವರ ಅಮಾನತು, ಗುರುವಾರದ ವಿಚಾರಣೆ. ಮೊನ್ನೆ ಫೋನಿನಲ್ಲಿ ನೀನು, "ಬಿಲ್ಲೆ ನೀನೇ ಹಾಕ್ದೆ ಅಂತ ಬರ್ಕೊಟ್ಟಿದಾನಂತೆ ಕಣೇ! ತನ್ನ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ತಾನಲ್ಲ, ನಾಚಿಕೆ ಬೇಡ್ವಾ ಅವನಿಗೆ?" ಅಂದೆಯಲ್ಲ, ಆಗಲೂ ನಾನು ಹೂಂ ಅಂದೆ. ಫೋನ್ ಇಟ್ಟ ಮೇಲೆ ಆ ಹೂಂ ಬಾಯಲ್ಲೇ ಉಳಿದುಬಿಟ್ಟಿತು.

ಭಾವನಿಗೆ ಎಲ್ಲ ಗೊತ್ತು. ನೀನು ಔಷಧಿ ತರಲು ಹೋದಾಗ, "ನಾನು ಹೇಳಿದ್ರೆ ಚಾಡಿ ಆಗುತ್ತೆ, ನೀನೇ ಹೇಳು. ಗುರುವಾರದವರೆಗೂ ಕಾಯ್ತೀನಿ, ಆಮೇಲೆ ಕಾಯಲ್ಲ" ಅಂದರು. ಅವರ ಮೇಲೆ ಸಿಟ್ಟಾಗಬೇಡ.

ಗುರುವಾರ ನಾನು ಬರುತ್ತೇನೆ, ಇದನ್ನೇ ಹೇಳುತ್ತೇನೆ. ದೂರು ನಿನ್ನ ಹೆಸರಿನಲ್ಲಿದೆ. ಹತ್ತು ಜನರ ಮುಂದೆ ನನ್ನ ಬಾಯಿಂದ ಕೇಳುವ ಬದಲು ನೀನೇ ಅದನ್ನು ಹಿಂದೆ ತೆಗೆದುಕೊಳ್ಳುವಂತಾಗಲಿ ಎಂದು ಮೊದಲು ನಿನಗೆ ಬರೆದೆ. ಆಮೇಲೆ ನನ್ನ ಜೊತೆ ಮಾತು ಬಿಡಬೇಕು ಅನ್ನಿಸಿದರೆ ಬಿಡು. ಬೇಡ ಎಂದು ಹೇಳುವ ಮುಖ ನನಗಿಲ್ಲ.

ನಿನ್ನ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ. ಮೇಲೆ "ಬಂದಿರುತ್ತಾರೆ ಅಂದುಕೊಂಡೆ" ಎಂದು ಬರೆದಿದ್ದೇನೆ. ಗೇಟಿನ ಗುಡಿಸಲಿನ ಕಿಟಕಿಯಿಂದ ಕಾರು ಕಾಣುತ್ತದೆ ಅಕ್ಕ. ನೋಡಿದ್ದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಬೇರೆ ಬೇರೆ ಬಂದೆವೆಂದರೆ ಮತ್ತೆ ಎಲ್ಲರೆದುರು ಬೈಸಿಕೊಳ್ಳಬೇಕಲ್ಲ ಎಂಬ ಒಂದೇ ನಾಚಿಕೆಗೆ ಬಂದ್ವಿ ಅಂದೆ. ಈ ಸಾಲನ್ನು ಹೊಡೆದುಹಾಕಬೇಕೆಂದು ಎರಡು ಸಲ ಪೆನ್ನು ಎತ್ತಿದೆ. ನಿನ್ನೂರಿಗೆ ಅಂಚೆ ಎರಡು ದಿನ. ಮಂಗಳವಾರ ಹಾಕಿದರೆ ಗುರುವಾರ, ನೀನು ವಿಚಾರಣೆಗೆ ಹೊರಟ ಮೇಲೆ ತಲುಪುತ್ತದೆ. ಅದನ್ನೂ ಲೆಕ್ಕ ಹಾಕಿ ನೋಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಹಾಕುವುದು ಸೋಮವಾರ, ಮಾರ್ಚ್ ೯.