ಮಾತಾಡಲಾರದವರು ಫೋನಿನಲ್ಲಿ ಕೊಡಬೇಕಾದ ದೂರು

ಸೈಬರ್ ಅಪರಾಧ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಗಂಟಲ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡಿರುವ ನನಗೆ ನಿಮ್ಮ ಕಚೇರಿಯು ‘ದೂರುದಾರರು ಖುದ್ದಾಗಿ ಫೋನ್ ಮಾಡಿ ವಿವರ ತಿಳಿಸತಕ್ಕದ್ದು’ ಎಂದು ಲಿಖಿತ ಸಲಹೆ ನೀಡಿದೆ. ಅದನ್ನು ಓದಿ ನನಗೆ ಮಾತೇ ಹೊರಡಲಿಲ್ಲ. ಆದ್ದರಿಂದ ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ನಾನು ನಿವೃತ್ತ ಗಣಿತದ ಮೇಷ್ಟ್ರು. ನನ್ನಂತೆಯೇ ದನಿ ಕಳೆದುಕೊಂಡ ನೂರ ನಲವತ್ತು ಮಂದಿಯ ಇಮೇಲ್ ಬಳಗವೊಂದನ್ನು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಒಬ್ಬರು ಬರೆದದ್ದು ಎಲ್ಲರಿಗೂ ತಲುಪುತ್ತದೆ. ಉಸಿರಾಟಕ್ಕೆಂದು ಕೊರೆದ ಕುತ್ತಿಗೆಯ ರಂಧ್ರಕ್ಕೆ ಧೂಳು ಹೋಗದಂತೆ ಏನು ಕಟ್ಟಿಕೊಳ್ಳುವುದು, ಮೊಮ್ಮಗು ಹೆದರಿ ದೂರ ಸರಿದರೆ ಏನು ಮಾಡುವುದು, ನಮ್ಮ ಹರಟೆ, ಜಗಳ, ಎಲ್ಲವೂ ಅಲ್ಲೇ. ಅಂಥಲ್ಲಿಗೆ, ಬಳಗದವರೊಬ್ಬರ ಹೆಸರಿನಲ್ಲಿ, ಅವರು ಬರೆಯದ ಕಳ್ಳ ಪತ್ರವೊಂದು ನುಗ್ಗಿತು. ಬಂದ ದಿನವೇ ಅದನ್ನು ನಿಮಗೆ ಕಳಿಸಿದೆ. ‘ಹಾನಿ ಸಂಭವಿಸಿದ ನಂತರ ಸಂಪರ್ಕಿಸಿ’ ಎಂಬ ಉತ್ತರ ಬಂತು. ಹಾನಿ ನಿಮ್ಮನ್ನು ಹೆಚ್ಚು ಕಾಯಿಸಲಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ನನ್ನದೇ ಹೆಸರು ಹೊತ್ತು ಇನ್ನೊಂದು ಬಂತು: ‘ಕುತ್ತಿಗೆಪಟ್ಟಿಯ ಹೊಸ ನಮೂನೆ ಲಗತ್ತಿಸಿದೆ, ತೆರೆದು ನೋಡಿ.’ ನಮಗೆಲ್ಲ ಆ ಪಟ್ಟಿ ಹೊಲಿದುಕೊಡುತ್ತಿದ್ದವರು ಬಳಗದ ಟೈಲರ್. ಅವರ ಹೆಂಡತಿ ಪತ್ರ ತೆರೆದರು. ಕಂಪ್ಯೂಟರಿನಲ್ಲಿದ್ದುದಕ್ಕೆಲ್ಲ ಬೀಗ ಬಿತ್ತು. ಆಪರೇಷನ್ನಿನ ಹಿಂದಿನ ವಾರ ಟೈಲರ್ ತಮ್ಮ ದನಿಯಲ್ಲೇ ಮಗಳಿಗೆಂದು ಹೇಳಿ ರೆಕಾರ್ಡ್ ಮಾಡಿಟ್ಟಿದ್ದ ಇಪ್ಪತ್ತಾರು ಕಥೆಗಳು ಅದರಲ್ಲಿದ್ದವು. ಇನ್ನೊಂದು ಪ್ರತಿ ಇಡಬೇಕಿತ್ತಲ್ಲವೇ ಎನ್ನುತ್ತೀರಿ. ಇಡಬೇಕಿತ್ತು. ಇಟ್ಟಿರಲಿಲ್ಲ. ರಿಪೇರಿಯವರು ಮೂವರು ಕೈಚೆಲ್ಲಿದರು.

ಟೈಲರ್ ಹೆಂಡತಿ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು. “ಮೇಷ್ಟ್ರೇ, ನೀವು ಕಳ್ಸಿದ್ದು ಅಂದ್ಕೊಂಡು ನಾನೇ ಒತ್ಬಿಟ್ಟೆ. ಅವ್ರು ನಂಗೆ ಒಂದ್ ಮಾತೂ ಅನ್ಲಿಲ್ಲ…” ಎಂದವರು, ತಾವು ಅಂದದ್ದೇನೆಂದು ಹೊಳೆದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ‘ತಪ್ಪು ನಿಮ್ಮದಲ್ಲಮ್ಮ’ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಯಾರದೆಂದು ಬರೆಯಲು ಕೈ ಏಳಲಿಲ್ಲ.

ಅವತ್ತೇ ನನ್ನ ತಂಗಿ ನಿಮ್ಮ ಕಚೇರಿಗೆ ಫೋನ್ ಮಾಡಿದಳು.

“ದೂರು ಕೊಡೋರ ಹತ್ರ ಫೋನ್ ಕೊಡಿ ಮೇಡಂ.”

“ಅಣ್ಣಂಗೆ ಮಾತು ಬರಲ್ಲ ಸರ್. ಪಕ್ಕದಲ್ಲೇ ಕೂತಿದಾನೆ, ಬರೆದಿದ್ದನ್ನ ನಾನು ಓದಿ ಹೇಳ್ತೀನಿ.”

“ಹಾಗೆಲ್ಲ ಆಗಲ್ಲ. ಅವ್ರೇ ಮಾತಾಡ್ಬೇಕು, ರೂಲ್ಸು.”

ಬರೆದು ಕಳಿಸಿದ ದೂರಿಗೆ ಬಂದದ್ದು ಮೇಲೆ ಹೇಳಿದ ಆ ಸಲಹೆ. ಕಳ್ಳನಿಗೆ ನಮ್ಮ ಮನೆಯೊಳಗೆ ಬರಲು ಒಂದು ಪತ್ರ ಸಾಕಾಯಿತು. ನಿಮ್ಮ ಹೊಸ್ತಿಲು ದಾಟಲು ನಮಗೆ ಗಂಟಲೇ ಬೇಕೇ?

ಇಷ್ಟಾದ ಮೇಲೆ ಎಚ್ಚರಿಕೆ ಹೇಳಿ ನಾನು ನಿಜವಾಗಿಯೂ ಬರೆದ ಪತ್ರವನ್ನು, ನನ್ನ ಹೆಸರು ಕಂಡೊಡನೆ, ಬಳಗದವರು ತೆರೆಯದೆ ಅಳಿಸಿದರು. ಸರಿಯಾಗಿಯೇ ಮಾಡಿದರು. ಟೈಲರ್ ತಮ್ಮ ಹೆಸರು ತೆಗೆಸಿಕೊಂಡರು. ಎರಡು ವಾರ ಯಾರೂ ಒಂದು ಸಾಲೂ ಬರೆಯಲಿಲ್ಲ. ಮೊನ್ನೆ, ಹೊಸದಾಗಿ ಆಪರೇಷನ್ ಆದ ಹೆಂಗಸೊಬ್ಬರು ಆಸ್ಪತ್ರೆಯಿಂದ ‘ಯಾರಾದರೂ ಇದ್ದೀರಾ?’ ಎಂದು ಬಳಗಕ್ಕೆ ಬರೆದು ಕೇಳಿದರು. ಉತ್ತರ ಬರೆದವನು ನಾನೊಬ್ಬನೇ. ಆಕೆ ಅದನ್ನು ತೆರೆದರೋ ಇಲ್ಲವೋ ಗೊತ್ತಿಲ್ಲ.

ಬರೆದುಕೊಟ್ಟ ದೂರನ್ನೂ ದೂರೆಂದೇ ಪರಿಗಣಿಸಿ. ಹಾನಿಗೆ ಮುಂಚೆ ಬರುವ ಪತ್ರಗಳನ್ನು ಓದಲು ಒಬ್ಬರನ್ನಾದರೂ ಕೂರಿಸಿ. ಮತ್ತು ಈ ವಾರವೇ ನಿಮ್ಮ ತಜ್ಞರನ್ನು ಟೈಲರ್ ಮನೆಗೆ ಕಳಿಸಿ; ವಿಳಾಸ ನನ್ನ ದೂರಿನಲ್ಲಿದೆ. ಇಪ್ಪತ್ತಾರೂ ಬೇಡ, ಒಂದು ಕಥೆ ಸಿಕ್ಕರೂ ಆ ಹುಡುಗಿ ಅಪ್ಪನ ದನಿ ಕೇಳಿಯಾಳು.

ಇಂತಿ,
ಹೆಸರು ಹಾಕಿದರೆ ನೀವೂ ತೆರೆಯದೆ ಅಳಿಸೀರೆಂದು ಹೆಸರು ಬಿಟ್ಟ
ಒಬ್ಬ ಮೇಷ್ಟ್ರು